ಬಾಣಂತಿಯ ತಟ್ಟೆ ನೋಡಿ, ಅಜ್ಜಿಯರ ಜೊತೆ ಮಾತಾಡಿ: ಆರೋಗ್ಯ ಇಲಾಖೆಗೆ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಯ ಹಾಗೂ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಹಿರಿಯ ಅಧಿಕಾರಿಗಳಿಗೆ, ಮತ್ತು ಮನೆಯಲ್ಲಿ ಬಾಣಂತನ ಮಾಡುತ್ತಿರುವ ಎಲ್ಲ ಅಮ್ಮಂದಿರು, ಅತ್ತೆಯರು, ಅಜ್ಜಿಯರಿಗೆ,

ನಮಸ್ಕಾರ.

ನಾನು ತುಮಕೂರು ಜಿಲ್ಲೆಯ ಒಂದು ಹಳ್ಳಿಯವಳು. ಹೆರಿಗೆಗೆಂದು ತವರಿಗೆ ಬಂದ ಹೆಣ್ಣುಮಕ್ಕಳಿಗೆ, ಅವರ ಕೂಸುಗಳಿಗೆ ನೀರು ಹಾಕಿಕೊಂಡು ಬಂದವಳು. ಬಾಣಂತನ ಅಂದರೆ ನನಗೆ ಬಹಳ ಗೌರವ. ಹೆತ್ತು ಸುಸ್ತಾದ ಹೆಣ್ಣಿಗೆ ಒಂದಷ್ಟು ತಿಂಗಳು ಯಾವ ಕೆಲಸವನ್ನೂ ಹೇಳದೆ, ಹೊತ್ತು ಹೊತ್ತಿಗೆ ಬಿಸಿ ಊಟ ಕೊಟ್ಟು, ಮೈಗೆ ಎಣ್ಣೆ ಹಚ್ಚಿ ನೀರು ಹಾಕಿ ಮಲಗಿಸುವ ಪದ್ಧತಿ ಇದು. ಇಂಥದ್ದು ನಮ್ಮಲ್ಲಿದೆ ಅನ್ನುವುದೇ ದೊಡ್ಡ ವಿಷಯ. ಇದನ್ನು ಬಿಡಿಸಿ ಎಂದು ಕೇಳಲು ನಾನು ಬರೆಯುತ್ತಿಲ್ಲ. ಇದರೊಳಗೆ ಸೇರಿಕೊಂಡಿರುವ ಕೆಲವು ಸಂಗತಿಗಳು ತಾಯಿಗೂ ಕೂಸಿಗೂ ಜೀವಕ್ಕೇ ಕುತ್ತು ತರುತ್ತಿವೆ. ಅವನ್ನು ಹೇಳಬೇಕಾದವರಿಗೆ ಹೇಳಿ ಎಂದು ಕೇಳಲು ಬರೆಯುತ್ತಿದ್ದೇನೆ.

ಹೇಳಬೇಕಾದವರು ಯಾರು ಅನ್ನುವುದೇ ಮುಖ್ಯ. ನಿಮ್ಮ ತಾಯಿ ಕಾರ್ಡ್, ನಿಮ್ಮ ಗೋಡೆ ಬರಹ, ನಿಮ್ಮ ಭಿತ್ತಿಪತ್ರ ಎಲ್ಲವೂ ಮಾತಾಡುವುದು ಹೆತ್ತ ಹುಡುಗಿಯ ಜೊತೆ. ಆದರೆ ಬಾಣಂತನದಲ್ಲಿ ಆ ಹುಡುಗಿಯ ಮಾತು ನಡೆಯುವುದಿಲ್ಲ. ಏನು ತಿನ್ನಬೇಕು, ಎಷ್ಟು ನೀರು ಕುಡಿಯಬೇಕು, ಕೂಸಿಗೆ ಏನು ನೆಕ್ಕಿಸಬೇಕು, ಯಾವಾಗ ಆಸ್ಪತ್ರೆಗೆ ಹೋಗಬೇಕು ಎಲ್ಲವನ್ನೂ ತೀರ್ಮಾನಿಸುವುದು ಅವಳ ಅಮ್ಮ, ಅವಳ ಅಜ್ಜಿ, ಇಲ್ಲವೇ ಅತ್ತೆ. ನನ್ನಂಥವರು. ನಮ್ಮ ಜೊತೆ ಇಲಾಖೆಯವರು ಯಾರೂ ಕೂತು ಮಾತಾಡಿಲ್ಲ.

ಮೊದಲು ಪಥ್ಯದ ವಿಷಯ. ಎಲ್ಲಕ್ಕಿಂತ ಜಾಸ್ತಿ ನಾನು ಹೇಳಬೇಕಾಗಿರುವುದು ಇದರ ಬಗ್ಗೆಯೇ.

ನಮ್ಮ ಕಡೆ ಬಾಣಂತಿಗೆ ಏನು ಕೊಡುತ್ತಾರೆ? ಬಿಳಿ ಅನ್ನ, ಮೆಣಸು ಜೀರಿಗೆಯ ಸಾರು, ತುಪ್ಪ, ಹುರಿದ ಬೆಳ್ಳುಳ್ಳಿ, ಒಣ ಕೊಬ್ಬರಿ. ಬೆಳಿಗ್ಗೆ ಕಾಫಿಗೆ ಬ್ರೆಡ್ಡೋ ರಸ್ಕೋ. ಬೇಡ ಅನ್ನುವ ಪಟ್ಟಿ ಇದಕ್ಕಿಂತ ಉದ್ದ. ಬೇಳೆ, ಕಾಳು ವಾಯು. ಸೊಪ್ಪು ತಿಂದರೆ ಕೂಸಿಗೆ ಭೇದಿ. ಹಣ್ಣು, ಮೊಸರು ಶೀತ. ಕಡಲೆಕಾಯಿ ಪಿತ್ತ. ಮೊಟ್ಟೆ, ಮಾಂಸ ನಂಜು. ಮುದ್ದೆ ಅರಗುವುದಿಲ್ಲ. ಒಂದೊಂದು ಮನೆಯಲ್ಲಿ ಇದು ನಲವತ್ತು ದಿನ ನಡೆದರೆ, ಇನ್ನೊಂದು ಮನೆಯಲ್ಲಿ ಮೂರು ತಿಂಗಳು, ಐದು ತಿಂಗಳು.

ನಮ್ಮ ಬೀದಿಯ ಒಂದು ಮನೆಯಲ್ಲಿ ಹೀಗೇ ನಡೆದಿತ್ತು. ಕೂಸು ಚೆನ್ನಾಗಿ ಹುಟ್ಟಿತ್ತು. ತೂಕವೂ ಚೆನ್ನಾಗಿತ್ತು. ಬರೀ ಎದೆಹಾಲು ಕುಡಿದುಕೊಂಡು ದುಂಡಗೆ ಬೆಳೆಯುತ್ತಿತ್ತು. ಮೂರನೇ ತಿಂಗಳಲ್ಲಿ ಒಂದು ದಿನ ಹಾಲು ಕಕ್ಕಲು ಶುರು ಮಾಡಿತು. ಸಂಜೆಗೆ ಒಂದೇ ಸಮ ನರಳಾಟ. ಅಳುತ್ತಿತ್ತು, ಆದರೆ ಗಂಟಲಿಂದ ದನಿ ಸರಿಯಾಗಿ ಹೊರಡುತ್ತಿರಲಿಲ್ಲ. ಮನೆಯವರು ದೃಷ್ಟಿ ಆಗಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ಬಾಲಗ್ರಹ ಎಂದು ತಾಯತ ಕಟ್ಟಿಸಿಕೊಂಡು ಬಂದರು. ಬೆಳಗಾಗುವಷ್ಟರಲ್ಲಿ ಕೂಸು ಹಾಲು ಬಿಟ್ಟಿತ್ತು, ಪಕ್ಕೆ ಒಳಕ್ಕೆ ಹೋಗುವಂತೆ ಉಸಿರಾಡುತ್ತಿತ್ತು.

ಕೊನೆಗೆ ದೊಡ್ಡ ಆಸ್ಪತ್ರೆಗೆ ಒಯ್ದರು. ಅಲ್ಲಿದ್ದ ಮಕ್ಕಳ ಡಾಕ್ಟರಮ್ಮ ಹೃದಯದ ಸ್ಕ್ಯಾನ್ ನೋಡಿದ ಮೇಲೆ ತಾಯಿಯ ಕಡೆ ತಿರುಗಿ ಕೇಳಿದ್ದು ಒಂದೇ ಪ್ರಶ್ನೆ. "ಹೆರಿಗೆ ಆದಾಗಿನಿಂದ ನೀನೇನು ಊಟ ಮಾಡ್ತಿದ್ದೀಯಮ್ಮಾ?" ಅನ್ನ ಸಾರು ಎಂದಳು. ಬೇರೆ? ಅನ್ನ ಸಾರು. ಕೂಸಿಗೆ ಬಿ1 ವಿಟಮಿನ್ ಇಂಜೆಕ್ಷನ್ ಕೊಟ್ಟರು. ಮಾರನೇ ದಿನಕ್ಕೆ ಉಸಿರು ಹತೋಟಿಗೆ ಬಂತು. ಆ ಕೂಸು ಈಗ ಶಾಲೆಗೆ ಹೋಗುತ್ತದೆ.

ಇದು ಅಪರೂಪದ ಪವಾಡವೇನಲ್ಲ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು ಇಂಥ ಕೂಸುಗಳ ಮೇಲೆ ನಡೆಸಿದ ಅಧ್ಯಯನ 2021ರಲ್ಲಿ ಪ್ರಕಟವಾಗಿದೆ. ಬರೀ ಎದೆಹಾಲು ಕುಡಿಯುತ್ತಿದ್ದ, ಅಲ್ಲಿಯವರೆಗೆ ಆರೋಗ್ಯವಾಗಿದ್ದ ಕೂಸುಗಳು. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ದಿಢೀರನೆ ಏರಿ, ಹೃದಯ ಸೋಲುವ ಸ್ಥಿತಿಯಲ್ಲಿ ಬಂದವು. ಥಯಾಮಿನ್, ಅಂದರೆ ಬಿ1 ಕೊಟ್ಟ ಮೇಲೆ ಬೇಗ ಚೇತರಿಸಿಕೊಂಡವು. ಅವುಗಳ ತಾಯಂದಿರು ತಿನ್ನುತ್ತಿದ್ದುದು ಪಾಲಿಶ್ ಅಕ್ಕಿಯ ಅನ್ನ, ಅದರ ಮೇಲೆ ಪಥ್ಯ. ಕಾಶ್ಮೀರದ ಮಕ್ಕಳ ವೈದ್ಯರೂ ಇಂಥದ್ದನ್ನೇ ಕಂಡು ಬರೆದಿದ್ದಾರೆ. ಅಲ್ಲೂ ಬಿಳಿ ಅನ್ನವೇ ಮುಖ್ಯ ಊಟ.

ಬಿ1 ನಮ್ಮ ಮೈಯಲ್ಲಿ ಜಾಸ್ತಿ ದಿನ ಉಳಿಯುವುದಿಲ್ಲ. ಎರಡು ಮೂರು ವಾರ ಊಟದಲ್ಲಿ ಸಿಗದಿದ್ದರೆ ಖಾಲಿಯಾಗುತ್ತದೆ. ತಾಯಿ ನೋಡಲು ಚೆನ್ನಾಗಿಯೇ ಇರುತ್ತಾಳೆ. ಕಾಲು ಜೋಮು ಹಿಡಿಯುತ್ತದೆ, ಸುಸ್ತು ಅನ್ನುತ್ತಾಳೆ, ಅಷ್ಟೇ. ಬಾಣಂತಿಗೆ ಸುಸ್ತಿರುವುದು ಸಹಜ ಅಲ್ವಾ ಎಂದು ನಾವು ಸುಮ್ಮನಾಗುತ್ತೇವೆ. ಆದರೆ ಅವಳ ಹಾಲಿನಲ್ಲಿ ಸಾಕಷ್ಟು ಬಿ1 ಇರುವುದಿಲ್ಲ, ಪೆಟ್ಟು ಬೀಳುವುದು ಕೂಸಿಗೆ. ಇಲ್ಲಿ ಒಂದು ಮಾತು ಒತ್ತಿ ಹೇಳುತ್ತೇನೆ. ಇದನ್ನು ಓದಿ ಯಾರೂ ಎದೆಹಾಲು ನಿಲ್ಲಿಸಬೇಡಿ. ಹಾಲಿನ ತಪ್ಪು ಅಲ್ಲ, ತಾಯಿಯ ತಟ್ಟೆಯ ತಪ್ಪು. ತಟ್ಟೆ ಸರಿ ಮಾಡಿದರೆ ಹಾಲು ಸರಿಹೋಗುತ್ತದೆ.

ಅಜ್ಜಿಯರು ಕೇಳುತ್ತಾರೆ: "ನಮ್ಮಮ್ಮನೂ ಇದೇ ಪಥ್ಯ ಮಾಡಿದ್ದಳು, ನಾವು ಎಂಟು ಜನ ಬದುಕಲಿಲ್ವಾ?" ನ್ಯಾಯವಾದ ಪ್ರಶ್ನೆ. ಉತ್ತರ ಅಕ್ಕಿಯಲ್ಲಿದೆ. ಆಗ ಅಕ್ಕಿಯನ್ನು ಮನೆಯಲ್ಲೇ ಒರಳಿಗೆ ಹಾಕಿ ಕುಟ್ಟುತ್ತಿದ್ದರು. ತೌಡು ಅರ್ಧಂಬರ್ಧ ಅಂಟಿಕೊಂಡೇ ಇರುತ್ತಿತ್ತು. ಬಿ1 ಇರುವುದು ಆ ತೌಡಿನಲ್ಲಿ. ಈಗ ಮಿಲ್ಲಿನಿಂದ ಬರುವ ಅಕ್ಕಿ ಮಲ್ಲಿಗೆಯ ಹಾಗೆ ಬೆಳ್ಳಗಿದೆ. ಅದನ್ನು ನಾಲ್ಕು ಸಲ ತೊಳೆಯುತ್ತೇವೆ, ಗಂಜಿ ಬಸಿದು ಚೆಲ್ಲುತ್ತೇವೆ. ಉಳಿದಿದ್ದೂ ಹೋಯಿತು. ಪಥ್ಯ ಹಳೆಯದೇ, ಅಕ್ಕಿ ಬೇರೆಯಾಗಿದೆ. ಆ ಕಾಲದಲ್ಲಿ ಸತ್ತ ಕೂಸುಗಳೂ ಕಡಿಮೆಯಲ್ಲ. ಅವನ್ನು ಯಾರೂ ಎಣಿಸಿಡಲಿಲ್ಲ, ಬದುಕಿದವರು ಮಾತ್ರ ಕಣ್ಣೆದುರಿಗಿದ್ದೇವೆ. ಪಥ್ಯ ಮಾಡಿದವರನ್ನು ನಾನು ದೂರುವುದೂ ಇಲ್ಲ. ಕೊಳೆತದ್ದು, ಹಳಸಿದ್ದು ತಿಂದು ಬಾಣಂತಿಗೆ ಭೇದಿಯಾದರೆ ಔಷಧವೇ ಇಲ್ಲದ ಕಾಲ ಅದು. ಬಿಸಿ ಅನ್ನ, ಕುದಿಸಿದ ಸಾರು ಕೊಟ್ಟು ಕಾಪಾಡಿದರು. ಅವರ ಬುದ್ಧಿ ದೊಡ್ಡದು.

ಪಾಲಿಶ್ ಅಕ್ಕಿಯ ಈ ಕತೆ ಬೇರೆ ದೇಶಗಳಲ್ಲೂ ನಡೆದಿದೆ. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿದ್ದ ಐಕ್‌ಮನ್ ಎಂಬ ವೈದ್ಯರು, ಬಿಳಿ ಅಕ್ಕಿ ತಿಂದ ಕೋಳಿಗಳು ಕಾಲು ಬಿದ್ದು ನರಳುವುದನ್ನೂ, ತೌಡಿರುವ ಅಕ್ಕಿ ಹಾಕಿದರೆ ಎದ್ದು ಓಡಾಡುವುದನ್ನೂ ಕಂಡರು. ಅವರಿಗೆ 1929ರಲ್ಲಿ ನೊಬೆಲ್ ಬಹುಮಾನ ಬಂತು. ಫಿಲಿಪೀನ್ಸ್‌ನಲ್ಲಿ ಎದೆಹಾಲು ಕುಡಿಯುವ ಕೂಸುಗಳು ಬಿ1 ಕೊರತೆಯ ಇದೇ ರೋಗದಿಂದ, ಅಂದರೆ ಬೆರಿಬೆರಿಯಿಂದ, ಸಾಯುತ್ತಿದ್ದವು. ಅಕ್ಕಿ ತೌಡಿನಿಂದ ತೆಗೆದ ಟಿಕಿಟಿಕಿ ಎಂಬ ಕಷಾಯದಂಥ ಸಾರವನ್ನು ಕೂಸುಗಳಿಗೆ ಕುಡಿಸಿ ಉಳಿಸಿಕೊಂಡರು. ನಿಜವಾದ ಮನೆಮದ್ದು ಅಂದರೆ ಅದು. ನಾವು ಆ ಮದ್ದನ್ನು ದನಕ್ಕೆ ಹಾಕಿ, ಉಳಿದ ಬಿಳಿಯನ್ನು ಬಾಣಂತಿಗೆ ಬಡಿಸುತ್ತಿದ್ದೇವೆ.

ಬಾಣಂತಿಗೆ ಬೇಕಾಗುವ ಊಟ ಬಸುರಿಗಿಂತ ಜಾಸ್ತಿ. ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲೊರಿ ಹೆಚ್ಚಿಗೆ ಬೇಕು ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುತ್ತದೆ. ಸುಲಭವಾಗಿ ಹೇಳುವುದಾದರೆ ಮಾಮೂಲಿಗಿಂತ ಇನ್ನೊಂದು ಹೊತ್ತಿನ ಊಟ. ಅದಕ್ಕೆ ದುಬಾರಿ ಪುಡಿ, ಡಬ್ಬಿ ಬೇಕಿಲ್ಲ. ಮುದ್ದೆಯೋ ರೊಟ್ಟಿಯೋ, ಬೇಳೆ ಹಾಕಿದ ಸಾರು, ನುಗ್ಗೆ ಸೊಪ್ಪು, ಸಬ್ಬಸಿಗೆ ಸೊಪ್ಪಿನ ಪಲ್ಯ, ಮೊಳಕೆ ಕಟ್ಟಿದ ಹೆಸರುಕಾಳು, ತಿನ್ನುವವರಾದರೆ ಮೊಟ್ಟೆ, ಒಂದು ಹಿಡಿ ಹುರಿದ ಕಡಲೆಕಾಯಿ, ಎಳ್ಳುಂಡೆ, ಕಾಲಕ್ಕೆ ಸಿಗುವ ಹಣ್ಣು. ಮಂಗಳೂರು, ಉಡುಪಿ ಕಡೆಯ ಕುಚ್ಚಲಕ್ಕಿ ಬಹಳ ಒಳ್ಳೆಯದು. ಭತ್ತವನ್ನು ಸಿಪ್ಪೆಯ ಸಮೇತ ಬೇಯಿಸುವುದರಿಂದ ಬಿ1 ಕಾಳಿನ ಒಳಕ್ಕೆ ಇಳಿದು ಉಳಿದುಕೊಳ್ಳುತ್ತದೆ. ಉತ್ತರ ಕರ್ನಾಟಕದ ಅಂಟಿನುಂಡೆ, ಆಳ್ವಿ ಪಾಯಸವನ್ನೂ ಬಿಡಬೇಡಿ. ಆಳ್ವಿ ಬೀಜದಲ್ಲಿ ಕಬ್ಬಿಣದ ಅಂಶ ಚೆನ್ನಾಗಿದೆ. ಅಂಟಿನುಂಡೆಗೆ ಹಾಕುವ ಕೊಬ್ಬರಿ, ಉತ್ತತ್ತಿ, ಗೋಡಂಬಿ ಎಲ್ಲವೂ ಶಕ್ತಿಯ ಆಹಾರವೇ. ಇವು ಊಟದ ಜೊತೆಗಿರಲಿ, ಊಟದ ಬದಲಿಗೆ ಬೇಡ.

ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆಯನ್ನು ಹೆರಿಗೆಯಾದ ಮೇಲೂ 180 ದಿನ ನುಂಗಬೇಕು. ಕ್ಯಾಲ್ಸಿಯಂ ಮಾತ್ರೆಯೂ ಅಷ್ಟೇ ಕಾಲ. ಮನೆಗಳಲ್ಲಿ "ಮಾತ್ರೆ ಉಷ್ಣ, ಹಾಲು ಒಣಗುತ್ತೆ" ಎಂದು ಮೂರನೇ ದಿನಕ್ಕೇ ನಿಲ್ಲಿಸುತ್ತಾರೆ. ಹಾಲು ಒಣಗುವುದಿಲ್ಲ. ಈ ಮಾತನ್ನು ಹುಡುಗಿಗೆ ಹೇಳಿ ಏನು ಉಪಯೋಗ? ಮಾತ್ರೆಯ ಪಟ್ಟಿ ಇರುವುದು ಅಜ್ಜಿಯ ಬೀರುವಿನಲ್ಲಿ.

ಇನ್ನು ನೀರು. ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆ, ಗಾಯ ಮಾಗುವುದಿಲ್ಲ ಎಂದು ದಿನಕ್ಕೆ ಎರಡು ಲೋಟ ಅಳೆದು ಕೊಡುವ ಮನೆಗಳಿವೆ. ಬಿಸಿಲುಗಾಲದಲ್ಲೂ ಹೀಗೇ. ಬಾಯಾರಿಕೆಯಿಂದ ಒದ್ದಾಡಿ, ಸ್ನಾನ ಮಾಡುವಾಗ ಕದ್ದು ನೀರು ಕುಡಿದೆ ಎಂದು ನನ್ನ ಹತ್ತಿರ ಪಿಸುಗುಟ್ಟಿದ ಹೆಣ್ಣುಮಕ್ಕಳಿದ್ದಾರೆ. ಹೆರಿಗೆಯಾದ ಮೇಲಿನ ಕೆಲವು ವಾರ ರಕ್ತ ಬೇಗ ಹೆಪ್ಪುಗಟ್ಟುವ ಕಾಲ. ಅದರ ಮೇಲೆ ನೀರಿಲ್ಲ, ಓಡಾಟವಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು 1980ರ ದಶಕದಿಂದಲೂ ಬಾಣಂತಿಯರ ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಕಾಯಿಲೆಯ ಬಗ್ಗೆ ಬರೆಯುತ್ತಾ ಬಂದಿದ್ದಾರೆ. ತಡೆಯಲಾರದ ತಲೆನೋವು, ವಾಂತಿ, ಮಂಜಾಗುವ ಕಣ್ಣು, ಫಿಟ್ಸ್, ಒಂದು ಕಡೆಯ ಕೈಕಾಲು ಸೋಲುವುದು ಇದರ ಗುರುತು. ಹಳ್ಳಿಯಲ್ಲಿ ಇದನ್ನು ಬಾಣಂತಿ ಸನ್ನಿ ಎಂದು ದೇವರ ಗುಡಿಗೆ ಕರೆದೊಯ್ಯುತ್ತಾರೆ. ಅವಳನ್ನು ಕರೆದೊಯ್ಯಬೇಕಾಗಿರುವುದು ದೊಡ್ಡ ಆಸ್ಪತ್ರೆಗೆ, ಅದೂ ಅದೇ ಗಳಿಗೆಯಲ್ಲಿ. ಬಾಣಂತಿಗೆ ಬಾಯಾರಿದಷ್ಟು ನೀರು ಕೊಡಿ. ಕುದಿಸಿ ಆರಿಸಿದ್ದನ್ನೇ ಕೊಡಿ, ಜೀರಿಗೆ ಹಾಕಿಯೇ ಕೊಡಿ, ಆದರೆ ಅಳೆದು ಕೊಡಬೇಡಿ. ಮನೆಯೊಳಗೆ ನಾಲ್ಕು ಹೆಜ್ಜೆ ಓಡಾಡಲು ಬಿಡಿ.

ಕೂಸಿನ ಎಣ್ಣೆ ಸ್ನಾನದ ಬಗ್ಗೆ ಬರೆಯಲು ನನಗೆ ಸಂತೋಷ. ಕಾಲು ನೀಡಿ ಕೂತು, ಮುಂಗಾಲುಗಳ ಮೇಲೆ ಕೂಸನ್ನು ಮಲಗಿಸಿಕೊಂಡು, ಉಗುರುಬೆಚ್ಚಗಿನ ಕೊಬ್ಬರಿ ಎಣ್ಣೆಯನ್ನು ಅಂಗೈಯಲ್ಲಿ ಹಗುರಾಗಿ ಉಜ್ಜಿದರೆ ಅದರ ಮೈ ಸಡಿಲಾಗುವುದು ಕೈಗೇ ಗೊತ್ತಾಗುತ್ತದೆ. ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ಕೊಬ್ಬರಿ ಎಣ್ಣೆಯ ಮಸಾಜ್‌ನಿಂದ ತೂಕ ಏರಲು ಸಹಾಯವಾಗುತ್ತದೆ ಎಂದು ವೈದ್ಯರೂ ಒಪ್ಪುತ್ತಾರೆ. ಆದರೆ ಹುಟ್ಟಿದ ದಿನವೇ ನೀರು ಹಾಕಬಾರದು, ಕೊನೇಪಕ್ಷ 24 ಗಂಟೆ ಕಾಯಬೇಕು. ತೂಕ ಕಡಿಮೆ ಇರುವ ಕೂಸಿಗೆ ಡಾಕ್ಟರ್ ಹೇಳುವವರೆಗೆ ಸ್ನಾನವೇ ಬೇಡ. ತಾಯಿಯ ಎದೆಗೆ ಬರಿಮೈಯಲ್ಲಿ ಒರಗಿಸಿ, ಮೇಲೆ ಬಟ್ಟೆ ಹೊದಿಸಿದರೆ ಅದೇ ಅದಕ್ಕೆ ಔಷಧಿ.

ನೀರು ಹಾಕುವ ನನ್ನ ಅಕ್ಕತಂಗಿಯರಿಗೆ ಒಂದೆರಡು ಮಾತು. ಕೂಸಿನ ಮೂಗಿಗೆ ಎಣ್ಣೆ ಬಿಡಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಗಂಟಲಿಗೆ ಬೆರಳು ಹಾಕಿ ಕಫ ತೆಗೆಯಬೇಡಿ. ಹುಟ್ಟಿದ ಕೂಸಿನ ಮೊಲೆ ಊದಿದ್ದರೆ ಹಿಂಡಬೇಡಿ. ತಾಯಿಯ ಹಾರ್ಮೋನಿನಿಂದ ಊದಿರುತ್ತದೆ, ತಾನಾಗೇ ಇಳಿಯುತ್ತದೆ, ಹಿಂಡಿದರೆ ಕೀವಾಗುತ್ತದೆ. ಹೊಕ್ಕುಳಿಗೆ ಬೂದಿ, ಅರಿಶಿನ, ಹರಳೆಣ್ಣೆ ಏನೂ ಬೇಡ. ಒಣಗಿಸಿಟ್ಟರೆ ತಾನೇ ಉದುರುತ್ತದೆ. ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿ. ಒರಟಾದ ಅಂಗೈಗೆ ಬಿಸಿ ಸರಿಯಾಗಿ ತಿಳಿಯುವುದಿಲ್ಲ.

ಸ್ನಾನವಾದ ಮೇಲಿನ ಸಾಂಬ್ರಾಣಿ ಹೊಗೆಯನ್ನು ನಾನು ಬಿಡಿಸಲು ನೋಡುತ್ತೇನೆ. ಮನೆಗಳಲ್ಲಿ ಬೇಜಾರು ಮಾಡಿಕೊಳ್ಳುತ್ತಾರೆ, ಆ ವಾಸನೆ ಎಲ್ಲರಿಗೂ ಇಷ್ಟ. ಆದರೆ ಎಳೆಯ ಶ್ವಾಸಕೋಶಕ್ಕೆ ಹೊಗೆ ಹೊಗೆಯೇ. ಅದಕ್ಕಿಂತ ಅಪಾಯ ಬಾಗಿಲು ಕಿಟಕಿ ಮುಚ್ಚಿದ ಬಾಣಂತಿ ಕೋಣೆಯಲ್ಲಿ ಕೆಂಡದ ಬಾಂಡಲಿ ಇಟ್ಟು ಮಲಗುವುದು. ಕೆಂಡದಿಂದ ಬರುವ ವಿಷಗಾಳಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮಲಗಿದವರು ಮಲಗಿದಂತೆಯೇ ಹೋಗಿಬಿಡಬಹುದು. ಬೆಚ್ಚಗಿರಲು ಟೋಪಿ, ಕಾಲುಚೀಲ, ತಾಯಿಯ ಮೈ ಸಾಕು.

ಸುತ್ತು ಹಾಕುವುದು ಗೊತ್ತಲ್ಲ. ಬಜೆ, ಮಾಚಿಕಾಯಿ, ಅಳಲೆಕಾಯಿ, ಜಾಯಿಕಾಯಿ ಎಲ್ಲವನ್ನೂ ಸಾಣೆಕಲ್ಲಿನ ಮೇಲೆ ಒಂದೋ ಎರಡೋ ಸುತ್ತು ತೇಯ್ದು, ಹಾಲಲ್ಲೋ ಜೇನಲ್ಲೋ ಕಲಸಿ ಕೂಸಿಗೆ ನೆಕ್ಕಿಸುವುದು. ಇದರ ಬಗ್ಗೆ ನನ್ನ ಅಭಿಪ್ರಾಯ ಖಚಿತ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಕೂಸಿನ ಬಾಯಿಗೆ ಇನ್ನೇನೂ ಹೋಗಬಾರದು. ಡಾಕ್ಟರ್ ಬರೆದ ಔಷಧಿ ಮಾತ್ರ ಇದಕ್ಕೆ ಹೊರತು. ಬಜೆಯಲ್ಲಿ ಬೀಟಾ ಅಸರೋನ್ ಎಂಬ ಅಂಶವಿದೆ. ಅದರ ಕಾರಣಕ್ಕೇ ಅಮೆರಿಕದಲ್ಲಿ 1968ರಲ್ಲಿ ಆಹಾರಕ್ಕೆ ಬಜೆ ಬಳಸುವುದನ್ನು ನಿಷೇಧಿಸಿದರು. ಜಾಯಿಕಾಯಿ ಮಂಪರು ತರಿಸುತ್ತದೆ. "ಸುತ್ತು ಹಾಕಿದ ಮೇಲೆ ಕೂಸು ಚೆನ್ನಾಗಿ ಮಲಗುತ್ತೆ" ಎಂದು ಖುಷಿಪಡುತ್ತೇವೆ, ಹಾಲು ಕುಡಿಯಬೇಕಾದ ಹೊತ್ತಿನಲ್ಲೂ ಅದು ಮಲಗಿರುತ್ತದೆ. ಇಬ್ಬರು ಒಂದೇ ರೀತಿ ತೇಯುವುದಿಲ್ಲ, ಹಾಗಾಗಿ ಅಳತೆಯೂ ಇಲ್ಲ. ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪ ಒಂದು ಹನಿಯೂ ಬೇಡ. ಅದರಲ್ಲಿರಬಹುದಾದ ಬಾಟುಲಿಸಂ ರೋಗಾಣುವಿನ ಬೀಜ ಎಳೆ ಕರುಳಿನಲ್ಲಿ ಬೆಳೆದು ನರಗಳನ್ನು ಸೋಲಿಸುತ್ತದೆ. ಶುದ್ಧ ಕಾಡು ಜೇನಾದರೂ ಅಷ್ಟೇ. ವರ್ಷ ದಾಟಿದ ಮೇಲೆ ಅದೇ ಜೇನು ಕೆಮ್ಮಿಗೆ ಒಳ್ಳೆಯ ಮದ್ದು.

ಕಣ್ಣಿಗೆ ಕಾಡಿಗೆ ಬೇಡ. ಅಂಗಡಿಯಲ್ಲಿ ಸಿಗುವ ಕೆಲವು ಕಾಡಿಗೆ, ಸುರ್ಮಾಗಳಲ್ಲಿ ಸೀಸ ಇರುತ್ತದೆ, ಅದು ಮಕ್ಕಳ ಬುದ್ಧಿಗೇ ಪೆಟ್ಟು. ಮನೆಯಲ್ಲೇ ಮಾಡಿದ್ದಾದರೂ ಬೆರಳಿನ ಕೊಳೆ ಕಣ್ಣಿಗೆ ಹೋಗುತ್ತದೆ. ದೃಷ್ಟಿಬೊಟ್ಟು ಇಡಲೇಬೇಕು ಅನ್ನಿಸಿದರೆ ಪಾದದ ಅಡಿಗೆ ಇಡಿ. ಶೀತಕ್ಕೆ ಎದೆಗೆ ಕರ್ಪೂರದ ಎಣ್ಣೆ ಉಜ್ಜುವುದೂ ಬೇಡ. ಕರ್ಪೂರ ಹೊಟ್ಟೆಗೆ ಹೋದರೆ ಮಕ್ಕಳಿಗೆ ಫಿಟ್ಸ್ ಬರುತ್ತದೆ. ಉತ್ತರ ಕರ್ನಾಟಕದ ಕೆಲವು ಕಡೆ ಹೊಟ್ಟೆ ಉಬ್ಬರಕ್ಕೆ, ಕಾಮಾಲೆಗೆ ಕೂಸಿಗೆ ಬರೆ ಹಾಕುವುದು ಇನ್ನೂ ನಿಂತಿಲ್ಲ. ಅದನ್ನು ಔಷಧಿ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ಹುಟ್ಟಿದ 24 ಗಂಟೆಯೊಳಗೆ ಮೈ ಹಳದಿಯಾದರೆ, ಅಥವಾ ಯಾವಾಗಲೇ ಆಗಲಿ ಅಂಗೈ ಅಂಗಾಲು ಹಳದಿಯಾದರೆ, ಬೇಕಾಗಿರುವುದು ಆಸ್ಪತ್ರೆಯ ನೀಲಿ ಬೆಳಕಿನ ಚಿಕಿತ್ಸೆ.

ಹಾಗೆಂದು ಅಂಗಡಿಯ ಬಾಟಲಿಗಳೆಲ್ಲ ಒಳ್ಳೆಯವು, ಅಜ್ಜಿಯ ಡಬ್ಬಿಯದ್ದೆಲ್ಲ ಕೆಟ್ಟದ್ದು ಎಂದು ಯಾರೂ ತಿಳಿಯಬಾರದು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು ಪುಟ್ಟ ಮಕ್ಕಳು ಸತ್ತರು. ಅದಾದ ಮೇಲೆ ಕೇಂದ್ರ ಸರ್ಕಾರವೇ ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು, ಶೀತದ ಸಿರಪ್ ಕೊಡಬೇಡಿ ಎಂದು ಹೇಳಿತು. ಅಂಥ ಸುದ್ದಿ ಕೇಳಿದ ತಾಯಿ ಮನೆಮದ್ದಿನ ಕಡೆ ತಿರುಗುವುದು ಸಹಜ. ಅವಳು ತಿರುಗಿದಾಗ ಅಲ್ಲಿ ಸರಿಯಾದದ್ದು ಸಿಗಬೇಕು. ದೊಡ್ಡ ಮಕ್ಕಳ ಕೆಮ್ಮಿಗೆ ದೊಡ್ಡಪತ್ರೆ ರಸ, ತುಳಸಿ ಶುಂಠಿ ಹಾಕಿದ ಬಿಸಿನೀರು, ಮಲಗುವ ಮುಂಚೆ ಒಂದು ಚಮಚ ಜೇನು. ಭೇದಿಯಾದರೆ ಉಪ್ಪು ಹಾಕಿದ ಅಕ್ಕಿ ಗಂಜಿ, ತೆಳು ಮಜ್ಜಿಗೆ, ಅವುಗಳ ಜೊತೆ ಆಶಾ ಕಾರ್ಯಕರ್ತೆ ಕೊಡುವ ಓಆರ್‌ಎಸ್ ಮತ್ತು 14 ದಿನ ಜಿಂಕ್ ಮಾತ್ರೆ. ಆರು ತಿಂಗಳೊಳಗಿನ ಕೂಸಿಗಾದರೆ ಗಂಜಿ, ಮಜ್ಜಿಗೆ ಇಲ್ಲ. ಎದೆಹಾಲು, ಓಆರ್‌ಎಸ್ ಮಾತ್ರ, ಮತ್ತು ಡಾಕ್ಟರ್.

ಆರು ತಿಂಗಳು ತುಂಬಿದ ಮೇಲೆ ರಾಗಿ ಸರಿ. ನಮ್ಮ ಕಡೆಯ ಮನೆಮದ್ದುಗಳಲ್ಲಿ ಇದಕ್ಕಿಂತ ದೊಡ್ಡದು ನನಗೆ ಗೊತ್ತಿಲ್ಲ. ರಾಗಿಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಬಸಿದು ಬಟ್ಟೆಯಲ್ಲಿ ಕಟ್ಟಿಡಿ. ಒಂದೆರಡು ದಿನದಲ್ಲಿ ಬಿಳಿ ಮೊಳಕೆ ಒಡೆಯುತ್ತದೆ. ನೆರಳಲ್ಲಿ ಒಣಗಿಸಿ, ಸಣ್ಣ ಉರಿಯಲ್ಲಿ ಘಮ್ಮೆನ್ನುವಷ್ಟು ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಬೇರೆ ಯಾವ ಮುಖ್ಯ ಧಾನ್ಯದಲ್ಲೂ ಇಷ್ಟಿಲ್ಲ. ಮೊಳಕೆ ಕಟ್ಟುವುದರ ಲಾಭ ಇನ್ನೊಂದಿದೆ. ಮೊಳಕೆ ಹಿಟ್ಟಿನ ಗಂಜಿ ಬೇಗ ಗಟ್ಟಿಯಾಗುವುದಿಲ್ಲ. ಅದಕ್ಕೆ ಹಿಟ್ಟು ಸ್ವಲ್ಪ ಜಾಸ್ತಿ ಹಾಕಿದರೂ ಕೂಸು ನುಂಗುವಷ್ಟು ಹದವಾಗಿರುತ್ತದೆ, ಅದೇ ಬಟ್ಟಲಲ್ಲಿ ಹೆಚ್ಚು ಶಕ್ತಿ ಸಿಗುತ್ತದೆ. ಮೇಲೆ ಅರ್ಧ ಚಮಚ ತುಪ್ಪ, ಬೇಯಿಸಿ ಮಸೆದ ಹೆಸರುಬೇಳೆ. ವರ್ಷದವರೆಗೆ ಉಪ್ಪು ಸಕ್ಕರೆ ಬೇಡ. ಎರಡು ವರ್ಷದವರೆಗೆ ಎದೆಹಾಲೂ ಜೊತೆಗಿರಲಿ. ಇಷ್ಟು ಮಾಡುವ ಮನೆಗೆ ಟಿವಿ ಜಾಹೀರಾತಿನ ಡಬ್ಬಿ ಯಾಕೆ ಬೇಕು ಹೇಳಿ?

ಈಗ ಇಲಾಖೆಯವರಿಗೆ ನನ್ನ ಬೇಡಿಕೆ.

ಆಶಾ ಕಾರ್ಯಕರ್ತೆಯರು ಆಸ್ಪತ್ರೆಯಲ್ಲಿ ಹೆತ್ತ ಬಾಣಂತಿಯ ಮನೆಗೆ ಆರು ಸಲ ಬರಬೇಕು ಎಂಬ ನಿಯಮವಿದೆ. ಮೂರನೇ ದಿನ, 7, 14, 21, 28, 42ನೇ ದಿನ. ಬರುತ್ತಾರೆ, ಕೂಸಿನ ತೂಕ ನೋಡುತ್ತಾರೆ, ಜ್ವರ ನೋಡುತ್ತಾರೆ. ಬಿಸಿಲಲ್ಲಿ ಮನೆಮನೆ ಸುತ್ತುವ ಆ ಹೆಣ್ಣುಮಕ್ಕಳ ಕಷ್ಟ ನನಗೆ ಗೊತ್ತು, ಅವರ ಮೇಲೆ ಹೊರೆ ಹಾಕಿ ಎನ್ನುತ್ತಿಲ್ಲ. ಅವರ ಫಾರಂನಲ್ಲಿ ಒಂದೇ ಒಂದು ಪ್ರಶ್ನೆ ಸೇರಿಸಿ: "ಬಾಣಂತಿ ನಿನ್ನೆ ಏನೇನು ತಿಂದಳು, ಎಷ್ಟು ನೀರು ಕುಡಿದಳು?" ಉತ್ತರ ಬರೀ ಅನ್ನ ಸಾರು ಎಂದಾದರೆ ಬಿ1 ಇರುವ ಮಾತ್ರೆ ಕೊಡಲು ಅವರಿಗೆ ಅಧಿಕಾರ ಕೊಡಿ. ಪಕ್ಕದಲ್ಲಿ ಅಜ್ಜಿಯನ್ನು ಕೂರಿಸಿಕೊಂಡೇ ಈ ಪ್ರಶ್ನೆ ಕೇಳಲಿ.

ಹೆರಿಗೆ ವಾರ್ಡಿನಲ್ಲಿ ಬಾಣಂತಿಯ ಜೊತೆ ಅವಳ ಅಮ್ಮನೋ ಅತ್ತೆಯೋ ಇದ್ದೇ ಇರುತ್ತಾರೆ. ಎರಡು ಮೂರು ದಿನ ಕಾರಿಡಾರಿನಲ್ಲಿ ಸುಮ್ನೆ ಕೂತಿರುತ್ತಾರೆ. ನಗು ಮಗು ವಾಹನದಲ್ಲಿ ಮನೆಗೆ ಕಳಿಸುವ ಮೊದಲು ಒಬ್ಬ ನರ್ಸ್ ಅವರನ್ನೆಲ್ಲ ಒಂದು ಕಡೆ ಕೂರಿಸಿಕೊಂಡು ಅರ್ಧ ಗಂಟೆ ಮಾತಾಡಲಿ. "ನೀವು ಮಾಡೋದೆಲ್ಲ ಮೌಢ್ಯ" ಎಂದು ಶುರು ಮಾಡಿದರೆ ಯಾರೂ ಕೇಳುವುದಿಲ್ಲ. "ನಿಮ್ಮ ಬಾಣಂತನದಲ್ಲಿ ಇಷ್ಟು ಒಳ್ಳೆಯದಿದೆ ಅಮ್ಮಾ, ಇದೊಂದಿಷ್ಟನ್ನು ಮಾತ್ರ ಬದಲಾಯಿಸಿ" ಎಂದರೆ ಕೇಳುತ್ತಾರೆ. ಹಳ್ಳಿಯ ಅಜ್ಜಿ ಹಟಮಾರಿಯಲ್ಲ. ಪೋಲಿಯೊ ಹನಿಗೆ ಮೊಮ್ಮಕ್ಕಳನ್ನು ಎತ್ತಿಕೊಂಡು ಸಾಲಿನಲ್ಲಿ ನಿಂತವರೂ ಇವರೇ.

ಮಾತೃಪೂರ್ಣ ಯೋಜನೆ 2017ರಲ್ಲಿ ಶುರುವಾಯಿತು. ಅಂಗನವಾಡಿಯಲ್ಲಿ ಬಸುರಿ ಬಾಣಂತಿಯರಿಗೆ ಬಿಸಿಯೂಟ, ಮೊಟ್ಟೆ, ಹಾಲು. ಬಹಳ ಒಳ್ಳೆಯ ಯೋಜನೆ. ಆದರೆ ಹಸಿ ಬಾಣಂತಿ ಹೊಸಿಲು ದಾಟುವುದಿಲ್ಲ. ಊಟ ಅತಿ ಅಗತ್ಯವಿರುವ ದಿನಗಳಲ್ಲೇ ಅದು ಅವಳಿಗೆ ಸಿಗುವುದಿಲ್ಲ. ಮೊದಲ ಮೂರು ತಿಂಗಳು ಎಲ್ಲ ಊರುಗಳಲ್ಲೂ ಊಟವನ್ನು ಮನೆಗೇ ಮುಟ್ಟಿಸಿ. ತವರಿನಲ್ಲಿದ್ದಾಳೆ, ಹೆಸರು ಗಂಡನ ಊರಿನ ಅಂಗನವಾಡಿಯಲ್ಲಿದೆ ಎಂದು ವಾಪಸ್ ಕಳಿಸಬೇಡಿ. ಹೆರಿಗೆಗೆ ಹೆಣ್ಣು ತವರಿಗೆ ಬರುವುದು ಇಲಾಖೆಗೆ ಹೊಸ ವಿಷಯವಲ್ಲವಲ್ಲ.

ಪಡಿತರದ ಅಕ್ಕಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಇರುವ ಸಾರವರ್ಧಿತ ಕಾಳುಗಳನ್ನು ಬೆರೆಸುವ ಪದ್ಧತಿಯನ್ನು ಸರ್ಕಾರ ತಂದಿತ್ತು. ಬಿ1 ಬೆರೆಸಲೂ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಲ್ಲಿ ಅವಕಾಶವಿದೆ, ಆದರೆ ಅದು ಕಡ್ಡಾಯವಲ್ಲ. ನಮ್ಮ ರಾಜ್ಯದ ಕೂಸುಗಳಲ್ಲಿ ಬಿ1 ಕೊರತೆ ಇದೆ ಎಂದು ನಮ್ಮ ವೈದ್ಯರೇ ತೋರಿಸಿರುವಾಗ, ಅದನ್ನೂ ಬೆರೆಸಿ ಕೊಡಿ ಎಂದು ರಾಜ್ಯ ಸರ್ಕಾರ ಕೇಂದ್ರದ ಮುಂದೆ ಇಡಬೇಕು. ಮಿಲ್ಲಿನವರಿಗೆ ಅಕ್ಕಿಯನ್ನು ಇಷ್ಟೊಂದು ಪಾಲಿಶ್ ಮಾಡಬೇಡಿ ಎಂದೂ ಹೇಳಿ. ರಾಗಿ ಬೆಳೆಯುವ ಜಿಲ್ಲೆಗಳಲ್ಲಿ ಪಡಿತರಕ್ಕೆ ರಾಗಿ ತಪ್ಪದೆ ಬರಲಿ.

ಎಲ್ಲ ತಾಲ್ಲೂಕು ಆಸ್ಪತ್ರೆಗಳಲ್ಲೂ ಥಯಾಮಿನ್ ಇಂಜೆಕ್ಷನ್ ಯಾವಾಗಲೂ ಇರಬೇಕು. ಅದು ದುಬಾರಿಯಲ್ಲ. ಎರಡು ಮೂರು ತಿಂಗಳ ಕೂಸು ಇದ್ದಕ್ಕಿದ್ದಂತೆ ಹಾಲು ಬಿಟ್ಟು, ದನಿ ಒಡೆದು, ಏದುಸಿರು ಬಿಡುತ್ತಾ ಬಂದರೆ ಬೆಂಗಳೂರಿಗೆ ಕಳಿಸುವ ಮೊದಲೇ ಇದನ್ನು ಯೋಚಿಸಿ ಎಂದು ಅಲ್ಲಿನ ವೈದ್ಯರಿಗೆ ಲಿಖಿತವಾಗಿ ತಿಳಿಸಿ. ನಮ್ಮ ಬೀದಿಯ ಕೂಸು ದೊಡ್ಡ ಆಸ್ಪತ್ರೆ ಮುಟ್ಟುವವರೆಗೆ ತಡೆದುಕೊಂಡಿತು. ಎಲ್ಲ ಕೂಸುಗಳಿಗೂ ಅಷ್ಟು ಹೊತ್ತು ಇರುವುದಿಲ್ಲ.

ಆಯುಷ್ ಇಲಾಖೆಗೂ ಒಂದು ಮಾತು. ಸಂತೆಯಲ್ಲಿ, ಗ್ರಂಥಿಗೆ ಅಂಗಡಿಯಲ್ಲಿ ಕೂಸುಗಳಿಗೆಂದು ಗುಳಿಗೆ, ಬೇರು, ಬಾಣಂತಿ ಖಾರದ ಪುಡಿ ಮಾರುತ್ತಾರೆ. ಒಳಗೇನಿದೆ, ಎಷ್ಟು ತಿಂಗಳ ಮಗುವಿಗೆ ಕೊಡಬಹುದು ಎಂದು ಪೊಟ್ಟಣದ ಮೇಲೆ ಬರೆದಿರುವುದಿಲ್ಲ. ನಿಮ್ಮ ಆಯುರ್ವೇದ ವೈದ್ಯರು ಪ್ರತಿ ಜಿಲ್ಲೆಯಲ್ಲೂ ಇದ್ದಾರೆ. ಆಯಾ ಜಿಲ್ಲೆಯ ಬಾಣಂತನದಲ್ಲಿ ಬಳಸುವ ಬೇರು, ಸೊಪ್ಪು, ಪುಡಿಗಳನ್ನು ಅವರೂ ಮಕ್ಕಳ ವೈದ್ಯರೂ ಒಟ್ಟಿಗೆ ಕೂತು ಪರೀಕ್ಷೆ ಮಾಡಲಿ. ಕೊಡಬಹುದಾದದ್ದು ಯಾವುದು, ಕೊಡಬಾರದ್ದು ಯಾವುದು ಎಂದು ತಾಯಿ ಕಾರ್ಡಿನ ಒಂದು ಪುಟದಲ್ಲಿ ಅಚ್ಚು ಹಾಕಿಸಿ. ದೊಡ್ಡ ಅಕ್ಷರದಲ್ಲಿ ಹಾಕಿಸಿ, ಚಿತ್ರಗಳೂ ಇರಲಿ. ಅದನ್ನು ಓದಬೇಕಾದವರ ಕಣ್ಣಿಗೆ ಪೊರೆ ಬಂದಿರುತ್ತದೆ.

ಆ ಪುಟ ಬರೆಯುವ ಸಮಿತಿಯಲ್ಲಿ ನೀರು ಹಾಕುವ ಹೆಂಗಸರೂ ಇರಬೇಕು. ಕರೆದರೆ ನಾನು ಬರುತ್ತೇನೆ. ನಮ್ಮ ತಾಲ್ಲೂಕಿನಿಂದ ಇನ್ನೂ ಕೆಲವರನ್ನು ಕರೆದುಕೊಂಡು ಬರುತ್ತೇನೆ.

ಇಂತಿ ನಮಸ್ಕಾರಗಳು,
ತುಮಕೂರು ಜಿಲ್ಲೆಯಲ್ಲಿ ಬಾಣಂತನ ಮಾಡುವ ಒಬ್ಬ ಅಜ್ಜಿ